ಐದನೇ ಬೆರಳು

ಖೈರೂನಳ ಬಲಗಾಲಿನ ಕಿರುಬೆರಳನ್ನು ಯಂತ್ರ ನಂಬಲಿಲ್ಲ.

ಗಾಜಿನ ಪೆಟ್ಟಿಗೆಯೊಳಗೆ ಅವಳು ಕಾಲಿಟ್ಟಾಗ ಹದಿನಾರು ಕ್ಯಾಮೆರಾಗಳು ಸುತ್ತಲಿಂದ ಅದನ್ನು ಅಳೆದವು. ಪರದೆಯ ಮೇಲೆ ಮೊದಲು ಮೂಡಿದ್ದು ಅವಳದೇ ಪಾದ. ಅಗಲವಾದ ಮುಂಗಾಲು, ಬಿಡಿಬಿಡಿಯಾಗಿ ಹರಡಿಕೊಂಡ ಬೆರಳುಗಳು, ಕೊನೆಯದಂತೂ ಉಳಿದವುಗಳಿಂದ ದೂರ ಸರಿದು ಹೊರಕ್ಕೆ ಚಾಚಿಕೊಂಡಿತ್ತು. ಮೂರು ಸೆಕೆಂಡಿನ ನಂತರ ಆ ಚಿತ್ರ ಒಮ್ಮೆ ಅಲುಗಿತು. ಕಿರುಬೆರಳು ಒಳಕ್ಕೆ ಸರಿದು ನಾಲ್ಕನೆಯದರ ಪಕ್ಕ ಅಚ್ಚುಕಟ್ಟಾಗಿ ಕೂತಿತು. ಕೆಳಗೆ ಹಳದಿ ಅಕ್ಷರದಲ್ಲಿ ಒಂದು ಸಾಲು ಬಂತು: 'ಸ್ಕ್ಯಾನ್ ದೋಷ, ಐದನೇ ಬೆರಳು. ಸರಿಪಡಿಸಲಾಗಿದೆ. ಒಪ್ಪಿಗೆ?'

ಯಂತ್ರ ನಡೆಸುವ ದಾಕ್ಷಾಯಣಿ ಗುಂಡಿ ಒತ್ತಿದಳು. ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು. 'ಸ್ಕ್ಯಾನ್ ದೋಷ' ಎಂಬ ಸಾಲು ತಿಂಗಳಿಗೆ ಮೂರು ನಾಲ್ಕು ಸಲ ಬರುತ್ತಿತ್ತು. ಒಪ್ಪಿಗೆ ಕೊಡದಿದ್ದರೆ ಯಂತ್ರ ಮೊದಲಿನಿಂದ ಅಳೆಯಲು ಶುರುಮಾಡಿ ಮತ್ತೆ ಅದೇ ಸಾಲಿಗೆ ಬಂದು ನಿಲ್ಲುತ್ತಿತ್ತು. ಇದನ್ನು ಅವಳು ಮುಂದೆ ವಿಚಾರಣೆಯಲ್ಲಿಯೂ ಹೇಳಿದಳು. ಆದರೆ ನೆಪವಾಗಿ ಹೇಳಲಿಲ್ಲ.

ದಾವಣಗೆರೆಯ ಸಂಜೀವಪ್ಪ ಸ್ಮಾರಕ ಸುಟ್ಟಗಾಯ ಆಸ್ಪತ್ರೆಗೆ ಆ ಯಂತ್ರ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಇಪ್ಪತ್ತೊಂದು ವರ್ಷ ದಾಕ್ಷಾಯಣಿ ಅಲ್ಲಿ ಹೊಲಿಗೆಯವಳಾಗಿದ್ದಳು. ಸುಟ್ಟ ಗಾಯ ಮಾಯ್ದ ಮೇಲೆ ಚರ್ಮ ಸುಮ್ಮನಿರುವುದಿಲ್ಲ. ಹಗ್ಗದ ಹಾಗೆ ಉಬ್ಬಿ, ಗಟ್ಟಿಯಾಗಿ, ಅಕ್ಕಪಕ್ಕದ್ದನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಪಾದದ ಮೇಲ್ಭಾಗ ಸುಟ್ಟವರ ಬೆರಳುಗಳು ಮೇಲಕ್ಕೆ ಸೆಟೆದು ನಿಲ್ಲುವುದು ಇದರಿಂದಲೇ. ಅದನ್ನು ತಡೆಯಲು ಇರುವ ದಾರಿ ಒಂದೇ: ಮೈಗೆ ಅಂಟಿದಂತಿರುವ ಬಿಗಿ ಉಡುಪು, ಪ್ರೆಶರ್ ಗಾರ್ಮೆಂಟ್. ದಿನಕ್ಕೆ ಇಪ್ಪತ್ತಮೂರು ಗಂಟೆ, ಒಂದು ವರ್ಷವೋ ಒಂದೂವರೆ ವರ್ಷವೋ ಅದು ಒತ್ತುತ್ತಲೇ ಇದ್ದರೆ ಕಲೆ ಮೆತ್ತಗಾಗಿ ಮಟ್ಟವಾಗುತ್ತದೆ. ದಾಕ್ಷಾಯಣಿ ಟೇಪು ಹಿಡಿದು ಅರ್ಧ ಇಂಚಿಗೊಂದು ಅಳತೆ ತೆಗೆದು, ಎಳೆದರೆ ಹಿಗ್ಗುವ ಬಟ್ಟೆಯಲ್ಲಿ ಕೈಗೆ, ಕುತ್ತಿಗೆಗೆ, ಪಾದಕ್ಕೆ ಅಂಥ ಉಡುಪುಗಳನ್ನು ಹೊಲಿಯುತ್ತಿದ್ದಳು. ಎಲ್ಲಕ್ಕಿಂತ ಕಷ್ಟದ್ದು ಪಾದವೇ. ಐದು ಬೆರಳಿಗೂ ಬೇರೆ ಬೇರೆ ಕೊಳವೆ ಹೊಲಿಯಬೇಕು, ಸಂದುಗಳಲ್ಲಿ ಬಟ್ಟೆ ಮಡಚಿಕೊಳ್ಳಬಾರದು, ಎಲುಬು ಎದ್ದ ಕಡೆ ಸಡಿಲ ಬಿಡಬೇಕು.

ಹೊಸ ಉಡುಪಿಗೆ 'ಪಾದಬಂಧ' ಎಂದು ಹೆಸರಿಟ್ಟಿದ್ದರು. ಜನ ಅದನ್ನು ಸಾಕ್ಸ್ ಎಂದೇ ಕರೆದರು. ಅದರ ಬಟ್ಟೆಯಲ್ಲಿ ಕೂದಲಿಗಿಂತ ಸಣ್ಣ ಲೋಹದ ಎಳೆಗಳಿದ್ದವು. ಚೂರು ವಿದ್ಯುತ್ ಹರಿಸಿದರೆ ಅವು ಕುಗ್ಗಿ ಬಿಗಿಯಾಗುತ್ತಿದ್ದವು. ಕಾಲು ಊದಿದರೆ ತಾನೇ ಸಡಿಲಗೊಳ್ಳುವುದು, ಕಲೆ ತಗ್ಗಿದರೆ ತಾನೇ ಬಿಗಿಯಾಗುವುದು ಅದರ ಗುಣ. ಎರಡು ತಿಂಗಳಿಗೊಮ್ಮೆ ಬಂದು ಹೊಸದಾಗಿ ಹೊಲಿಸಿಕೊಳ್ಳುವ ಕಷ್ಟವಿಲ್ಲ. ನೂರಾರು ಜನಕ್ಕೆ ಅದರಿಂದ ಒಳ್ಳೆಯದಾಗಿತ್ತು, ಅದು ಸುಳ್ಳಲ್ಲ. ಆದರೆ ಸೆಕೆಗೂ ತುರಿಕೆಗೂ ತಾಳಲಾರದೆ ರೋಗಿಗಳು ಉಡುಪನ್ನು ಕಿತ್ತಿಡುತ್ತಾರೆ ಎಂಬುದು ತಜ್ಞರ ಹಳೆಯ ದೂರು. ಅದಕ್ಕಾಗಿ ಪಾದಬಂಧದ ಹರಡಿನ ಬಳಿ, ಕಾಲ್ಗಂಟಿಗೆ ಸರಿಯಾಗಿ, ಒಂದು ಬೀಗವಿತ್ತು. ಬೆಳಿಗ್ಗೆ ಆರರಿಂದ ಏಳರವರೆಗೆ, ಸ್ನಾನಕ್ಕೂ ಎಣ್ಣೆ ತಿಕ್ಕಲಿಕ್ಕೂ, ಅದು ತಾನಾಗಿ ತೆರೆಯುತ್ತಿತ್ತು. ಉಳಿದ ಹೊತ್ತು ಅದನ್ನು ತೆರೆಯುವ ಅಧಿಕಾರ ಬೆಂಗಳೂರಿನ ಗಾಯಕಲೆ ನಿಗಾ ಕೇಂದ್ರಕ್ಕೆ ಮಾತ್ರ.

ಅಂದರೆ, ಕಾಲು ಒಬ್ಬರದು, ಕೀಲಿ ಇನ್ನೊಬ್ಬರದು.

*

ಖೈರೂನ್‌ಗೆ ಮೂವತ್ತೊಂಬತ್ತು ವರ್ಷ. ಹನ್ನೆರಡನೇ ವಯಸ್ಸಿನಿಂದ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಕಾದ ಮರಳಿಗೆ ಅಕ್ಕಿ ಸುರಿದು, ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿದು, ಮರಳನ್ನು ಮತ್ತೆ ಬಾಣಲೆಗೆ ಎಸೆಯುವ ಕೆಲಸ. ಭಟ್ಟಿಗೆ ಗ್ಯಾಸು ಬಂದಿತ್ತು, ಹೊಗೆ ಹೋಗಿತ್ತು, ಮರಳು ಮಾತ್ರ ಅದೇ ಮರಳು. ಫೆಬ್ರವರಿಯ ಒಂದು ಮಧ್ಯಾಹ್ನ ಬಾಣಲೆಯ ಕೊಕ್ಕೆ ಕಳಚಿ, ಕಾದ ಮರಳು ಅವಳ ಎರಡೂ ಪಾದಗಳ ಮೇಲೆ ಸುರಿದಿತ್ತು. ತೊಡೆಯ ಚರ್ಮ ತೆಗೆದು ಪಾದಕ್ಕೆ ಹಾಕಿದರು. ಬಲಗಾಲು ಚೆನ್ನಾಗಿ ಮಾಯಿತು. ಎಡಗಾಲಿನ ಬೆರಳುಗಳನ್ನು ಮಾತ್ರ ಕಲೆ ಮೇಲಕ್ಕೆ ಎಳೆದುಕೊಂಡುಬಿಟ್ಟಿತ್ತು. ಅವಳಿಗೆ ಹಿಮ್ಮಡಿಯ ಮೇಲೆ ಭಾರ ಹಾಕಿ, ಗೋಡೆ ಹಿಡಿದು ನಡೆಯುವುದಷ್ಟೇ ಸಾಧ್ಯವಿತ್ತು. ಅದಕ್ಕೆ ಮತ್ತೊಂದು ಆಪರೇಷನ್ ಬೇಕಿತ್ತು, ತಾರೀಖೂ ಸಿಕ್ಕಿತ್ತು. ಆದರೆ ಷರತ್ತು ಒಂದಿತ್ತು. ಬಲಗಾಲಿನ ಪಾದಬಂಧವನ್ನು ತಪ್ಪದೆ ಧರಿಸಿದವರಿಗೆ ಮಾತ್ರ ಎಡಗಾಲಿನ ಸರದಿ. ಎರಡು ದಿನ ಬಿಟ್ಟರೆ ಹೆಸರು ಪಟ್ಟಿಯಿಂದ ಹೋಗುತ್ತದೆ.

ಮೊದಲ ಎರಡು ವಾರ ಮನೆಯಲ್ಲಿ ಎಲ್ಲರೂ ಆ ಸಾಕ್ಸಿಗೆ ಹೊಂದಿಕೊಂಡರು. ಗಂಡ ದಸ್ತಗೀರ್ ಗೂಡ್ಸ್ ಆಟೊ ತೆಗೆಯುವ ಮುನ್ನ ಬಿಸಿನೀರು ಕಾಯಿಸಿಡುತ್ತಿದ್ದ. ಪಿಯುಸಿ ಓದುತ್ತಿದ್ದ ಮಗಳು ನಸ್ರೀನ್ ಆರಕ್ಕೆ ಸರಿಯಾಗಿ ತಾಯಿಯ ಪಾದಕ್ಕೆ ಕೊಬ್ಬರಿಎಣ್ಣೆ ತಿಕ್ಕಿ, ಏಳಕ್ಕೆ ಐದು ನಿಮಿಷವಿರುವಾಗ ಒಂದೊಂದೇ ಬೆರಳನ್ನು ಒಂದೊಂದೇ ಕೊಳವೆಗೆ ತೂರಿಸುತ್ತಿದ್ದಳು. ನಮಾಜಿಗೆ ಕಾಲು ತೊಳೆಯಲಾಗುವುದಿಲ್ಲವಲ್ಲ ಎಂದು ಖೈರೂನ್ ಕೊರಗಿದಾಗ, ಪಕ್ಕದ ಮನೆಯ ಮುದುಕಿ, "ಮ್ಯಾಲೆ ಒದ್ದಿ ಕೈ ಸವರಿದ್ರ ಸಾಕವ್ವ, ಅಲ್ಲಾಗೆ ಗೊತ್ತಾಗಲ್ಲೇನು" ಎಂದಿದ್ದಳು. ಕಲೆ ಕಣ್ಣಿಗೆ ಕಾಣುವಷ್ಟು ಇಳಿಯುತ್ತಿತ್ತು. ಕೇರಿಯ ಹೆಂಗಸರು ಬಂದು ಆ ಕಂದುಬಣ್ಣದ ಬಟ್ಟೆಯನ್ನು ಮುಟ್ಟಿ ನೋಡಿ ಹೋದರು.

ಮೂರನೇ ವಾರ ಕಿರುಬೆರಳು ನೋಯತೊಡಗಿತು.

ಅದು ಸುಟ್ಟ ಕಲೆಯ ತುರಿಕೆಯಲ್ಲ, ಉರಿಯೂ ಅಲ್ಲ. ಯಾರೋ ಇಕ್ಕಳದಲ್ಲಿ ಹಿಡಿದು ಬಿಡದೆ ನಿಂತ ಹಾಗೆ. ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ನಸ್ರೀನ್ ನಿಗಾ ಕೇಂದ್ರಕ್ಕೆ ಫೋನು ಹಚ್ಚಿ ತಾಯಿಯ ಕೈಗೆ ಕೊಟ್ಟಳು.

"ನೋಡ್ರಿ ಮೇಡಂ, ಕಿರುಬೆರಳು ಭಾಳ ನೋಯ್ತೈತಿ. ಚೂರು ಸಡಿಲ ಮಾಡ್ರಿ."

"ಒಂದು ನಿಮಿಷ ಅಮ್ಮ," ಎಂದಿತು ಆ ಕಡೆಯ ಎಳೆಯ ದನಿ. "ನಿಮ್ಮ ಒತ್ತಡ ಇಪ್ಪತ್ತನಾಲ್ಕು ಇದೆ. ಸರಿಯಾಗಿಯೇ ಇದೆ."

"ಸರಿ ಇದ್ರ ಯಾಕ ನೋಯ್ತೈತ್ರಿ?"

"ಹೊಸದರಲ್ಲಿ ಹಾಗನ್ನಿಸುತ್ತೆ ಅಮ್ಮ. ಹೊಂದಿಕೊಳ್ಳುತ್ತೆ. ಬೆರಳು ಅಲ್ಲಾಡಿಸಬೇಡಿ."

ಬೆರಳು ಅಲ್ಲಾಡಿಸಬೇಡಿ ಎಂದದ್ದಕ್ಕೆ ಕಾರಣವಿತ್ತು. ಫೋನಿನಲ್ಲಿ ಮಾತಾಡಿದ ಚಿನ್ಮಯಿಗೆ ಅದು ಗೊತ್ತಿತ್ತು, ಖೈರೂನ್‌ಗೆ ಗೊತ್ತಿರಲಿಲ್ಲ. ಒಳಗಿನಿಂದ ಬೆರಳು ಪದೇ ಪದೇ ಅಲುಗಿದರೆ ಪಾದಬಂಧ ಅದನ್ನು 'ಸಡಿಲಿಸುವ ಯತ್ನ' ಎಂದು ಬರೆದುಕೊಂಡು, ಮತ್ತೆರಡು ಅಂಕ ಬಿಗಿಯಾಗುತ್ತಿತ್ತು. ನೋವಿಗೆ ಬೆರಳು ಚಡಪಡಿಸುತ್ತದೆ, ಚಡಪಡಿಸಿದ್ದಕ್ಕೆ ಬಿಗಿಯುತ್ತದೆ, ಬಿಗಿದದ್ದಕ್ಕೆ ಮತ್ತೆ ನೋಯುತ್ತದೆ. ಹಾಗೆಂದು ಆ ನಿಯಮ ಬರೆದವರು ಕೆಟ್ಟವರೇನಲ್ಲ. ಅವರಲ್ಲಿ ಯಾರ ಕಾಲೂ ಸುಟ್ಟಿರಲಿಲ್ಲ, ಅಷ್ಟೆ.

*

ನಿಗಾ ಕೇಂದ್ರದ ದೊಡ್ಡ ಕೋಣೆಯಲ್ಲಿ ಗೋಡೆಯುದ್ದಕ್ಕೂ ಪರದೆಗಳು. ರಾಜ್ಯದ ಸಾವಿರದ ಒಂಬೈನೂರು ಪಾದಗಳು ಅಲ್ಲಿ ಹಸಿರು ಚುಕ್ಕೆಗಳಾಗಿದ್ದವು. ಒತ್ತಡ ಹದಿನೈದರಿಂದ ಮೂವತ್ತರ ನಡುವೆ ಇದ್ದರೆ ಹಸಿರು, ತಪ್ಪಿದರೆ ಕೆಂಪು. ಬಿಪಿ ನೋಡುವ ಪಾದರಸದ ಅಳತೆಯೇ ಇಲ್ಲಿಯೂ. ಮೂವತ್ತು ದಾಟಿದರೆ ಚರ್ಮದ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳತೊಡಗುತ್ತವೆ, ಆದ್ದರಿಂದ ಕೆಂಪು ಚುಕ್ಕೆ ಕಂಡರೆ ತಕ್ಷಣ ಬೀಗ ತೆರೆಯಬೇಕೆಂಬ ನಿಯಮ.

ಚಿನ್ಮಯಿ ಫಿಜಿಯೋಥೆರಪಿ ಓದಿದವಳು, ಇಪ್ಪತ್ತಾರು ವರ್ಷ. ಖೈರೂನಳ ಕರೆ ಮುಗಿದ ಮೇಲೆ ದೂರಿನ ಪಟ್ಟಿಯಲ್ಲಿ 'ನೋವು' ಎಂದು ದಾಖಲಿಸಿದಳು. ಚುಕ್ಕೆ ಹಸಿರಾಗಿದ್ದುದರಿಂದ ಆ ಪದ ತಾನಾಗಿ ಬದಲಾಗಿ 'ಹೊಂದಾಣಿಕೆಯ ತೊಂದರೆ' ಎಂದಾಯಿತು. ಅವಳು ಅದನ್ನು ಅಳಿಸಿ ಮತ್ತೆ 'ನೋವು' ಎಂದು ಹೊಡೆದಳು. ಮತ್ತೆ ಬದಲಾಯಿತು.

ಆ ವಾರ ಖೈರೂನ್ ಒಂಬತ್ತು ಸಲ ಫೋನ್ ಮಾಡಿದಳು.

ನಾಲ್ಕನೇ ವಾರ ಒಂದು ಬೆಳಿಗ್ಗೆ ಸಾಕ್ಸ್ ತೆಗೆದಾಗ ಕಿರುಬೆರಳಿನ ಹೊರಮೈ ಬಿಳಿಚಿಕೊಂಡಿತ್ತು. ಅರ್ಧ ಗಂಟೆ ತಿಕ್ಕಿದ ಮೇಲೆ ಬಣ್ಣ ಬಂತು. ಏಳು ಗಂಟೆಗೆ ಖೈರೂನ್ ಅದನ್ನು ಹಾಕಿಕೊಳ್ಳಲಿಲ್ಲ. ಏಳೂಕಾಲಿಗೆ ಫೋನಿಗೆ ಎಚ್ಚರಿಕೆ ಬಂತು. ಎಂಟಕ್ಕೆ ಇನ್ನೊಂದು. ನಸ್ರೀನ್ ಓದಿ ಹೇಳಿದಳು: ಹಾಕಿಕೊಳ್ಳದಿದ್ದರೆ ಎಡಗಾಲಿನ ಆಪರೇಷನ್ ತಾರೀಖು ರದ್ದಾಗುತ್ತದೆ.

ಅವಳು ದಸ್ತಗೀರನ ಆಟೊದಲ್ಲಿ ಆಸ್ಪತ್ರೆಗೆ ಬಂದಳು. ದಾಕ್ಷಾಯಣಿ ಬೆರಳನ್ನು ಹಿಡಿದು, ಉಗುರಿನ ಮೇಲೆ ಒತ್ತಿ ಬಿಟ್ಟು ನೋಡಿದಳು. ರಕ್ತ ವಾಪಸು ಬರಲು ತಡವಾಯಿತು. ಅವಳೇ ಕೇಂದ್ರಕ್ಕೆ ಫೋನ್ ಮಾಡಿದಳು.

"ಇದು ಸರಿ ಇಲ್ಲ ಮೇಡಂ. ಬೆರಳಿಗೆ ರಕ್ತ ಹೋಗ್ತಿಲ್ಲ. ಇವ್ರಿಗೆ ಒಂದು ವಾರ ಬಿಡುವು ಕೊಡ್ರಿ, ತಾರೀಖು ಹಾಗೇ ಇರ್ಲಿ."

ಚಿನ್ಮಯಿ ಮೇಲಿನವರನ್ನು ಕೇಳಿ ಬಂದಳು. ಕೇಂದ್ರದ ನಿರ್ದೇಶಕರು ಡಾ. ಸತ್ಯಕಾಮ. "ಸ್ಕ್ಯಾನ್ ಆಪರೇಟರ್ ವೈದ್ಯರಲ್ಲ" ಎಂದು ಅವರು ಹೇಳಿದ್ದರು. "ಅಂಕಿಗಳು ಸರಿ ಇವೆ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ." ಚಿನ್ಮಯಿ ಇದರಲ್ಲಿ ಎರಡನೆಯ ವಾಕ್ಯವನ್ನಷ್ಟೇ ಫೋನಿನಲ್ಲಿ ಹೇಳಿದಳು.

ದಾಕ್ಷಾಯಣಿಯ ಮುಖ ನೋಡಿ ಖೈರೂನ್‌ಗೆ ಉತ್ತರ ತಿಳಿಯಿತು. ಅವಳು ಎಡಗಾಲನ್ನು ನೋಡಿಕೊಂಡಳು. ಬೆರಳುಗಳೆಲ್ಲ ಆಕಾಶ ನೋಡುತ್ತಿದ್ದವು.

"ಹಾಕವ್ವ ನಸ್ರೀನ್," ಎಂದಳು. "ಒಂದು ಬೆರಳಿನ ಸಲುವಾಗಿ ಒಂದು ಕಾಲು ಕಳ್ಕೊಳ್ಳಾಕ ಆಗಲ್ಲ."

*

ಐದನೇ ವಾರದ ಗುರುವಾರ ಮಧ್ಯಾಹ್ನ ಅವಳು ಮತ್ತೆ ಬಂದಳು. ಈ ಸಲ ಮುಖದಲ್ಲಿ ನಗುವಿತ್ತು.

"ನೋವು ನಿಂತೈತಿ ಅಕ್ಕ. ನಿನ್ನೆ ಸಂಜಿಯಿಂದ ಏನೂ ಗೊತ್ತಾಗಲ್ಲ. ಹೊಂದ್ಕೊಂತು ನೋಡ್ರಿ, ಅವ್ರು ಹೇಳಿದಂಗ."

ಕೇಂದ್ರದ ದಾಖಲೆಯಲ್ಲಿಯೂ ಅದೇ ಇತ್ತು. ನಿನ್ನೆಯಿಂದ ಕರೆಯಿಲ್ಲ, ದೂರು ಪರಿಹಾರವಾಗಿದೆ.

ಇಪ್ಪತ್ತೊಂದು ವರ್ಷದಲ್ಲಿ ದಾಕ್ಷಾಯಣಿ ಒಂದು ಕಲಿತಿದ್ದಳು: ನೋವು ಕಡಿಮೆಯಾಗುವುದು ಬೇರೆ, ನೋವು ನಿಲ್ಲುವುದು ಬೇರೆ. "ಬೆಳಿಗ್ಗೆ ತೆಗ್ದಾಗ ಬಣ್ಣ ಹೆಂಗಿತ್ತು?" ಎಂದು ಕೇಳಿದಳು.

"ಇವತ್ತು ಬೀಗ ತೆಗೀಲೇ ಇಲ್ಲ ಆಂಟಿ," ಎಂದಳು ನಸ್ರೀನ್. "ಮೊನ್ನೆನೂ ಇಲ್ಲ, ನಿನ್ನೆನೂ ಇಲ್ಲ. ಫೋನ್ ಮಾಡಿದ್ರ, ಭಾಳ ಅಲ್ಲಾಡಿಸಿದ್ದಕ್ಕೆ ಮೂರು ದಿನ ಬೆಳಗಿನ ಹೊತ್ತು ತೆರೆಯಂಗಿಲ್ಲ ಅಂದ್ರು."

ದಾಕ್ಷಾಯಣಿ ಯಾರಿಗೂ ಫೋನ್ ಮಾಡಲಿಲ್ಲ. ಕಪಾಟಿನಿಂದ ತನ್ನ ಹಳೆಯ ದೊಡ್ಡ ಕತ್ತರಿಯನ್ನು ತೆಗೆದಳು. ಲೋಹದ ಎಳೆಗಳು ಸುಲಭಕ್ಕೆ ಬಗ್ಗಲಿಲ್ಲ. ಕಾಲಿಗೆ ತಗುಲದಂತೆ ಒಂದು ಚಮಚದ ಹಿಡಿಯನ್ನು ಬಟ್ಟೆಯಡಿ ತೂರಿಸಿ, ಅದರ ಮೇಲೆ ಕತ್ತರಿ ಓಡಿಸಿದಳು. ಹರಡಿನಿಂದ ಬೆರಳಿನವರೆಗೆ ಬರಲು ಹನ್ನೆರಡು ನಿಮಿಷ ಬೇಕಾಯಿತು. ಮೇಜಿನ ಮೇಲಿದ್ದ ಫೋನು ಎಚ್ಚರಿಕೆಯ ಸದ್ದು ಮಾಡುತ್ತಲೇ ಇತ್ತು. ಸಾಕ್ಸ್ ಕಾಲಲ್ಲಿದ್ದಾಗ, ಬೆಂಗಳೂರಿನ ಗೋಡೆಯ ಮೇಲೆ ಖೈರೂನಳ ಚುಕ್ಕೆ ಮೊದಲ ಬಾರಿಗೆ ಕೆಂಪಾಯಿತು.

ಕೊನೆಯ ಕೊಳವೆ ಬಿಚ್ಚಿಕೊಂಡಾಗ ಒಳಗಿದ್ದ ಬೆರಳು ಕಪ್ಪಾಗಿತ್ತು. ನಸ್ರೀನ್ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಖೈರೂನ್ ಮಾತ್ರ ಬಗ್ಗಿ ನೋಡಿ, ಬೆರಳಿನಿಂದ ಅದನ್ನು ಮುಟ್ಟಿ, "ಇದು ನಂದಾ?" ಎಂದಳು.

ಶನಿವಾರ ಆಸ್ಪತ್ರೆಯ ಸರ್ಜನ್ ಕಿರುಬೆರಳನ್ನು ತೆಗೆದರು. ಸೋಮವಾರ ಕೇಂದ್ರದಿಂದ ಎರಡು ಪತ್ರಗಳು ಬಂದವು. ಒಂದು ದಾಕ್ಷಾಯಣಿಗೆ: ಅನುಮತಿಯಿಲ್ಲದೆ ಉಪಕರಣವನ್ನು ನಾಶಮಾಡಿದ್ದಕ್ಕೆ ಕೆಲಸದಿಂದ ಅಮಾನತು. ಇನ್ನೊಂದು ಖೈರೂನ್‌ಗೆ: ರೋಗಿಯ ಅಸಹಕಾರದಿಂದ ಉಂಟಾದ ಹಾನಿಯಾದ್ದರಿಂದ ಯೋಜನೆಯಿಂದ ಹೆಸರು ಕೈಬಿಡಲಾಗಿದೆ. ಎಡಗಾಲಿನ ತಾರೀಖು ರದ್ದು.

ಅಸಹಕಾರ. ಐದು ವಾರದಲ್ಲಿ ಒಂದೇ ಒಂದು ಮುಂಜಾನೆ, ಎರಡು ಗಂಟೆ ಹೊತ್ತು ಅವಳು ಆ ಸಾಕ್ಸ್ ಬಿಟ್ಟಿದ್ದಳು.

*

ಅಮಾನತಾದವಳಿಗೆ ಹೊತ್ತು ಸಾಕಷ್ಟಿತ್ತು. ದಾಕ್ಷಾಯಣಿ ಖೈರೂನಳ ಮನೆಗೆ ಹೋಗಿ, ಅವಳ ಎರಡನೇ ಪಾದಬಂಧವನ್ನು ಕೇಳಿ ಪಡೆದಳು. ಒಂದನ್ನು ಒಗೆದಾಗ ಹಾಕಿಕೊಳ್ಳಲೆಂದು ಪ್ರತಿಯೊಬ್ಬರಿಗೂ ಎರಡು ಕೊಡುತ್ತಿದ್ದರು. ಇನ್ನು ಬೇಕಾಗಿದ್ದದ್ದು ತಾನು ಒಪ್ಪಿಗೆ ಕೊಡುವ ಮೊದಲಿನ ಚಿತ್ರ. ಅದು ಕೇಂದ್ರದ ಬಳಿ ಇತ್ತು. ಕೇಳಿ ಪತ್ರ ಬರೆದಳು. ಉತ್ತರ ಬರಲಿಲ್ಲ. ಆರನೇ ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನು ಚಿನ್ಮಯಿ. ನಿಗಾ ಕೇಂದ್ರದಿಂದ." ಎಂದಿತು ಎಳೆಯ ದನಿ. "ಅವರ ಬೆರಳು ತೆಗೆದರಂತೆ, ಹೌದಾ?"

"ಹೌದು."

"ನಾನೇ ಹೇಳಿದ್ದು, ಹೊಂದಿಕೊಳ್ಳುತ್ತೆ ಅಂತ. ಹನ್ನೆರಡು ಸಲ ಹೇಳಿದೀನಿ. ಎಣಿಸಿದೆ."

"ನಾನೂ ಗುಂಡಿ ಒತ್ತೀನಮ್ಮ," ಎಂದಳು ದಾಕ್ಷಾಯಣಿ. "ಅತ್ತು ಏನ್ ಮಾಡಾದು. ಆ ಮೊದಲಿನ ಸ್ಕ್ಯಾನ್ ಕಳಿಸು."

ಚಿನ್ಮಯಿ ಕಳಿಸಿದಳು. ಕೃತಕ ಅಂಗಗಳ ವಿಭಾಗದ ಗೆಳೆಯನೊಬ್ಬ ಎರಡು ಪಾದಗಳನ್ನು ಪ್ಲಾಸ್ಟಿಕ್‌ನಲ್ಲಿ ಅಚ್ಚು ತೆಗೆದುಕೊಟ್ಟ. ಒಂದು ಖೈರೂನಳದು, ಇನ್ನೊಂದು ಯಂತ್ರ ತಿದ್ದಿದ್ದು. ದಾಕ್ಷಾಯಣಿ ಅಡುಗೆಮನೆಯ ಮೇಜಿನ ಮೇಲೆ ಎರಡನ್ನೂ ಇಟ್ಟು, ಪಾದಬಂಧ ಹಾಕಿ, ಬಟ್ಟೆಯಡಿಗೆ ತೆಳ್ಳನೆಯ ರಬ್ಬರ್ ಗುಳ್ಳೆಯೊಂದನ್ನು ತೂರಿಸಿ, ಅದರ ಕೊಳವೆಯನ್ನು ಹಳೆಯ ಪಾದರಸದ ಬಿಪಿ ಯಂತ್ರಕ್ಕೆ ಜೋಡಿಸಿದಳು. ಯಂತ್ರ ತಿದ್ದಿದ ಪಾದದ ಮೇಲೆ ಎಲ್ಲಿ ನೋಡಿದರೂ ಇಪ್ಪತ್ತನಾಲ್ಕು, ಇಪ್ಪತ್ತೈದು. ಖೈರೂನಳ ಪಾದದಲ್ಲಿ ಹರಡಿನ ಬಳಿ ಇಪ್ಪತ್ತನಾಲ್ಕು, ಪಾದದ ಮೇಲೆ ಇಪ್ಪತ್ತಾರು, ಕಿರುಬೆರಳಿನ ಹೊರ ಅಂಚಿನಲ್ಲಿ ಅರವತ್ತೆಂಟು.

ಕಾರಣ ಅವಳಿಗೆ ಹೊಸದಲ್ಲ. ಒಂದೇ ಬಿಗಿಯಲ್ಲಿ ಎಳೆದ ಬಟ್ಟೆ ದಪ್ಪ ಕಂಬವನ್ನು ಕಡಿಮೆ ಒತ್ತುತ್ತದೆ, ತೆಳ್ಳನೆಯ ಕಡ್ಡಿಯನ್ನು ಹೆಚ್ಚು ಒತ್ತುತ್ತದೆ. ಹೊರಕ್ಕೆ ಚಾಚಿದ ಬೆರಳಿನ ಚೂಪು ಅಂಚು ಆ ಕಡ್ಡಿಯಂತೆ. ಅಲ್ಲಿ ಬಟ್ಟೆ ಎರಡು ನೂಲು ಸಡಿಲ ಬಿಡಬೇಕೆಂದು ಅವಳ ಕೈಗೆ ಗೊತ್ತಿತ್ತು. ಬೆರಳು ತೀರಾ ಚಿಕ್ಕದೆಂದು, ಪಾದಬಂಧ ತಯಾರಿಸಿದ ಕಂಪನಿ ಅಲ್ಲಿ ಅಳೆಯುವ ಕಣ್ಣನ್ನೇ ಇಟ್ಟಿರಲಿಲ್ಲ. ಪಾದಬಂಧ ಹರಡಿನ ಬಳಿ ಅಳೆದು, ಪಾದದ ಆಕಾರ ನೋಡಿ ಬೆರಳಿನ ಒತ್ತಡವನ್ನು ಲೆಕ್ಕ ಹಾಕುತ್ತಿತ್ತು. ಆಕಾರವೇ ಸುಳ್ಳಾಗಿತ್ತು. ಚುಕ್ಕೆ ಹಸಿರಾಗಿಯೇ ಇತ್ತು.

ಅವಳು ಮೂರು ಸಲ ಅಳೆದಳು. ಮೂರು ಸಲವೂ ಪಾದರಸ ಅರವತ್ತೆಂಟಕ್ಕೆ ಹೋಗಿ ನಿಂತಿತು. ಸಿಟ್ಟು ಮೊದಲು ಬಂದದ್ದು ತನ್ನ ಮೇಲೆ. ಎರಡು ವರ್ಷದ ಕೆಳಗೆ ಹೊಲಿಗೆ ಯಂತ್ರವನ್ನು ಕಪಾಟಿಗೆ ಸೇರಿಸಿದಾಗ, ಗೊತ್ತಿದ್ದದ್ದನ್ನೂ ಅದರ ಜೊತೆ ಕಪಾಟಿಗೆ ಸೇರಿಸಿದ್ದೆನಲ್ಲ ಎಂದು.

*

ವಿಚಾರಣೆ ಆಸ್ಪತ್ರೆಯ ಸಭಾಕೋಣೆಯಲ್ಲಿ ನಡೆಯಿತು. ಉದ್ದನೆಯ ಮೇಜಿನ ಆಚೆ ಡಾ. ಸತ್ಯಕಾಮ, ಕಂಪನಿಯ ಒಬ್ಬ ಪ್ರತಿನಿಧಿ, ಆರೋಗ್ಯ ಇಲಾಖೆಯಿಂದ ಬಂದ ಒಬ್ಬ ಹಿರಿಯ ಅಧಿಕಾರಿಣಿ. ಈಚೆ ದಾಕ್ಷಾಯಣಿ, ಊರುಗೋಲು ಹಿಡಿದ ಖೈರೂನ್, ನಸ್ರೀನ್. ಚಿನ್ಮಯಿ ನಿರ್ದೇಶಕರ ಹಿಂದೆ ಗೋಡೆಗೊರಗಿ ಕೂತಿದ್ದಳು.

ದಾಕ್ಷಾಯಣಿ ಎರಡೂ ಅಚ್ಚುಗಳನ್ನು ಇಟ್ಟು ಅಳೆದು ತೋರಿಸಿದಳು. ಅಧಿಕಾರಿಣಿ ಎದ್ದು ಬಂದು ಪಾದರಸವನ್ನು ಹತ್ತಿರದಿಂದ ನೋಡಿದರು. ಡಾ. ಸತ್ಯಕಾಮ ಕೂತಲ್ಲಿಂದಲೇ ಮಾತಾಡಿದರು.

"ನೋಡಿ, ಯಾವ ವ್ಯವಸ್ಥೆಯೂ ಎಲ್ಲ ಬಗೆಯ ಪಾದಕ್ಕೆ ತಯಾರಾಗಿರೋದಿಲ್ಲ. ನಲವತ್ತು ಸಾವಿರ ಪಾದಗಳ ಅಳತೆ ತೆಗೆದು ಈ ಮಾದರಿ ಮಾಡಿದ್ದಾರೆ. ಈಕೆಯದು ಸ್ವಲ್ಪ ಅಸಹಜ ರಚನೆ. ದುರದೃಷ್ಟ, ಒಪ್ಪುತ್ತೇನೆ. ಆದರೆ ಲೋಪ ಅಲ್ಲ."

"ಆ ನಲವತ್ತು ಸಾವಿರ ಮಂದಿ ಎಲ್ಲಿಯವರು ಸರ್?" ಎಂದಳು ದಾಕ್ಷಾಯಣಿ.

ಕಂಪನಿಯ ಪ್ರತಿನಿಧಿ ಉತ್ತರಿಸಿದ. "ಶೂ ಅಂಗಡಿಗಳಿಂದ ಸಂಗ್ರಹಿಸಿದ ಮಾಹಿತಿ ಮೇಡಂ. ತುಂಬ ನಿಖರವಾದದ್ದು."

ಖೈರೂನ್ ಊರುಗೋಲನ್ನು ಮಗಳ ಕೈಗೆ ಕೊಟ್ಟು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲೆ ಇಟ್ಟಳು. ಬ್ಯಾಂಡೇಜ್ ಸುತ್ತಿದ ಪಾದ ನೇರವಾಗಿ ನಿರ್ದೇಶಕರ ಎದುರಿಗೆ, ಅವರ ಫೈಲಿನ ಮೇಲೆ ಬಂತು.

"ಕಾಲು ಕೆಳಗಿಡಿ," ಎಂದರು ಅವರು. "ಇದೇನು ಇದು?"

"ಮನಿಯಾಗ ನಾನೂ ಯಾರ ಕಡೀಗೂ ಕಾಲು ಚಾಚಲ್ರಿ," ಎಂದಳು ಖೈರೂನ್. ದನಿ ಏರಿರಲಿಲ್ಲ. "ಆದ್ರ ಐದು ವಾರ ಫೋನಿನಾಗ ಹೇಳಿದ್ದು ನಿಮಗ ಕೇಳಿಸ್ಲಿಲ್ಲ. ಅದಕ್ಕ ನೋಡ್ರಿ ಅಂತ ಇಟ್ಟೀನಿ. ಅಸಹಜ ಅಂದ್ರಲ್ಲ, ಹುಟ್ಟಿದಾಗ ಎಲ್ಲಾರಂಗ ಇತ್ತು ಇದು. ಇಪ್ಪತ್ತೇಳು ವರ್ಷ ಭಟ್ಟಿ ಮುಂದ ಬರಿಗಾಲಾಗ ನಿಂತೀನಿ. ಚಪ್ಲಿ ಹಾಕ್ಕೊಂಡ್ರ ಕಾದ ಮರಳು ಒಳಗ ಸಿಕ್ಕೊಂಡು ಸುಡತೈತಿ. ಬರಿಗಾಲಾದ್ರ ಝಾಡಿಸಬೌದು. ಭಾರ ಎತ್ತಿ ತಿರುಗುವಾಗ ಕಿರುಬೆರಳು ನೆಲ ಹಿಡ್ಕೊಂತೈತಿ, ಹಂಗ ಹಿಡ್ದು ಹಿಡ್ದು ಹೊರಗ ಬಂದೈತಿ. ನಮ್ಮ ಸಾಲಿನ್ಯಾಗ ಯಾರ ಕಾಲು ಬೇಕಾದ್ರೂ ನೋಡ್ರಿ. ನೀವು ತಿಂದ ಮಂಡಕ್ಕಿ ಇದ್ರ ಮ್ಯಾಲೆ ನಿಂತು ಹುರಿದದ್ದು. ಇದಕ್ಕ ದೋಷ ಅಂತ ಹೆಸರಿಟ್ಟೀರಲ್ಲ, ಒಬ್ರಾದ್ರೂ ಬಂದು ಕೇಳೀರೇನು, ಯಾಕ ಹಿಂಗೈತಿ ಅಂತ?"



"ಚಿನ್ಮಯಿ," ಎಂದರು ಅಧಿಕಾರಿಣಿ, ಪಟ್ಟಿಯಲ್ಲಿ ಹೆಸರು ನೋಡಿ. "ಇಂಥ ತಿದ್ದುಪಡಿ ಎಷ್ಟು ಜನಕ್ಕೆ ಆಗಿದೆ, ಗೊತ್ತಿದೆಯಾ?"

ಚಿನ್ಮಯಿ ಎದ್ದು ನಿಂತಳು. ಕೈಯಲ್ಲಿದ್ದ ಹಾಳೆಯನ್ನು ಬಿಡಿಸಿ ಓದಿದಳು. "ಮುನ್ನೂರ ಹನ್ನೆರಡು ಮೇಡಂ. ಇಟ್ಟಿಗೆ ಗೂಡಿನವರು, ಗದ್ದೆ ಕೆಲಸದವರು, ಉಪ್ಪಿನ ಅಗರದವರು, ಭಟ್ಟಿಯವರು. ಅದರಲ್ಲಿ ಕಿರುಬೆರಳಿನ ನೋವು ಅಂತ ಫೋನ್ ಮಾಡಿದವರು ನಲವತ್ತೊಂದು ಜನ. ನಲವತ್ತೊಂದೂ ಹೊಂದಾಣಿಕೆಯ ತೊಂದರೆ ಅಂತ ಆಗಿದೆ. ಈ ವಿಷಯ ಕಂಪನಿಗೆ ಒಂದು ವರ್ಷದ ಹಿಂದಿನಿಂದಲೂ ಗೊತ್ತು. ಹೋದ ವರ್ಷ ಮಾರ್ಚಿನಲ್ಲಿ ಅವರೇ ಬರೆದ ಟಿಪ್ಪಣಿ ಇದೆ: ಇಂಥ ಪಾದಗಳ ಸಂಖ್ಯೆ ಕಡಿಮೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಅಂತ."

"ಆ ಟಿಪ್ಪಣಿ ಆಂತರಿಕ," ಎಂದ ಪ್ರತಿನಿಧಿ.

"ಬೆರಳೂ ಆಂತರಿಕವೇ ಇತ್ತು," ಎಂದರು ಅಧಿಕಾರಿಣಿ, ಮತ್ತು ಹಾಳೆಗಾಗಿ ಕೈ ಚಾಚಿದರು.

ಕೊನೆಗೆ ದಾಕ್ಷಾಯಣಿಯ ಹೇಳಿಕೆ ಬರೆದುಕೊಂಡರು. ಯಂತ್ರವೇ ತಿದ್ದಿತು ಎಂದಷ್ಟೇ ಬರೆಯೋಣವೇ ಎಂದು ಗುಮಾಸ್ತ ಕೇಳಿದ. "ಬ್ಯಾಡ," ಎಂದಳು ಅವಳು. "ಯಂತ್ರ ತಿದ್ದಿ ನನ್ನನ್ನ ಕೇಳ್ತು, ನಾನು ಹೂಂ ಅಂದೆ ಅಂತ ಬರೀರಿ. ತಪ್ಪು ಅಂತ ಕಣ್ಣಿಗೆ ಕಂಡಿತ್ತು, ಆದ್ರೂ ಅಂದೆ."

*

ಒಂದು ತಿಂಗಳಲ್ಲಿ ಆದೇಶ ಬಂತು. ತಿದ್ದುಪಡಿ ನಿಲ್ಲಿಸಬೇಕು. ಬೀಗ ತೆಗೆದುಹಾಕಬೇಕು. ನೋವು ಎಂದು ರೋಗಿ ಹೇಳಿದರೆ ನೋವು ಎಂದೇ ಬರೆಯಬೇಕು. ಮುನ್ನೂರ ಹನ್ನೆರಡು ಜನರನ್ನೂ ಕರೆಸಿ ಕೈಯಿಂದ ಅಳೆಯಬೇಕು. ಹಾಗೆ ಕರೆಸಿದಾಗ ಇನ್ನೂ ಏಳು ಜನರ ಬೆರಳು ನೀಲಿಗಟ್ಟಿದ್ದು ಕಂಡಿತು. ಅವು ಉಳಿದವು. ಮಂಡ್ಯದ ಕಡೆಯ ಒಬ್ಬ ಮುದುಕನದು ಮಾತ್ರ ಆಗಲೇ ಹೋಗಿತ್ತು. ಮಧುಮೇಹದಿಂದ ಎಂದು ಮನೆಯವರನ್ನು ನಂಬಿಸಿದ್ದರಂತೆ.

ದಾಕ್ಷಾಯಣಿಯನ್ನು ಕೆಲಸಕ್ಕೆ ವಾಪಸು ತೆಗೆದುಕೊಂಡರು. ಅವಳು ಹೊಲಿಗೆ ಯಂತ್ರವನ್ನು ಕಪಾಟಿನಿಂದ ಹೊರಗಿಟ್ಟಳು. ಚಿನ್ಮಯಿಯನ್ನು ಅದೇ ವಾರ ಕೇಂದ್ರದ ಗ್ರಂಥಾಲಯಕ್ಕೆ ವರ್ಗಾಯಿಸಿದರು. ಯಾರೂ ಕಾರಣ ಹೇಳಲಿಲ್ಲ. ಡಾ. ಸತ್ಯಕಾಮ ನಿರ್ದೇಶಕರಾಗಿಯೇ ಇದ್ದಾರೆ. ಖೈರೂನಳ ಹೆಸರು ಮತ್ತೆ ಪಟ್ಟಿಗೆ ಸೇರಿ, ಎಡಗಾಲಿನ ಆಪರೇಷನ್ ಜುಲೈಯಲ್ಲಿ ಆಯಿತು. ಬೆರಳುಗಳು ನೆಲಕ್ಕೆ ಬಂದವು. ಕಿರುಬೆರಳಿಲ್ಲದ ಬಲಗಾಲಿನಲ್ಲಿ ಭಾರ ಹೊತ್ತು ತಿರುಗಿದರೆ ಮಾತ್ರ ಸಮತೋಲ ತಪ್ಪುತ್ತದೆ. ಈಗ ಅವಳು ಭಟ್ಟಿಯಲ್ಲಿ ಜರಡಿಯ ಬಳಿ ಕೂತು ಮಾಡುವ ಕೆಲಸಕ್ಕಿದ್ದಾಳೆ.

ಆಗಸ್ಟಿನಲ್ಲಿ ಕೇಂದ್ರದಿಂದ ಒಂದು ಪತ್ರ ಬಂತು. ಮಧ್ಯಾಹ್ನದ ಊಟವಾದ ಮೇಲೆ ನಸ್ರೀನ್ ಅದನ್ನು ಓದಿದಳು: "ತಮಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

"ಇನ್ನೊಂದ್ಸಲ ಓದು," ಎಂದಳು ಖೈರೂನ್. 

"ಅನಾನುಕೂಲಕ್ಕಾಗಿ."

"ಅಂದ್ರ?"

"ತೊಂದ್ರಿ ಆಯ್ತು ಅಂತ ಅಮ್ಮಿ. ಬಸ್ಸು ತಡ ಆದ್ರ ಬರೀತಾರಲ್ಲ, ಹಂಗ."

ಕೆಳಗೆ, ದೂರು ಇತ್ಯರ್ಥವಾಗಿದೆ ಎಂದು ಸಹಿ ಮಾಡಿ ಹಿಂದಿರುಗಿಸಲು ಒಂದು ಚೀಟಿಯಿತ್ತು. ಸಹಿ ಬಾರದೆ ಫೈಲು ಮುಚ್ಚುವಂತಿಲ್ಲ ಎಂಬುದು ಹೊಸ ಆದೇಶದಲ್ಲಿದ್ದ ನಿಯಮ. ಖೈರೂನ್ ಕೈ ಒರೆಸಿಕೊಂಡು, "ನಾನು ಹೇಳ್ತೀನಿ, ಬರೀ," ಎಂದಳು. ನಸ್ರೀನ್ ಚೀಟಿಯ ಮೇಲಿನ ಅಚ್ಚಿನ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ದುಂಡಗೆ ಬರೆದಳು: 'ನನ್ನ ಬೆರಳು ವಾಪಸ್ ಬಂದಿಲ್ಲ. ದೂರು ಹಾಗೇ ಇದೆ.' ಖೈರೂನ್ ಅದರಡಿ ನಿಧಾನವಾಗಿ ತನ್ನ ಹೆಸರು ಬರೆದಳು.

ಸೆಪ್ಟೆಂಬರಿನಲ್ಲಿ ಮತ್ತೆ ಚೀಟಿ ಬಂತು. ಅವಳು ಮತ್ತೆ ಅದನ್ನೇ ಬರೆಸಿ ಕಳಿಸಿದಳು. ಅಕ್ಟೋಬರಿನಲ್ಲಿಯೂ ಕಳಿಸಿದಳು. ಆಸ್ಪತ್ರೆಗಳಿಗೆ ಅಳತೆಗೆಂದು ಬರುವವರು ಬೆಂಚಿನ ಮೇಲೆ ಮಾತಾಡಿಕೊಳ್ಳುತ್ತಾರಲ್ಲ, ಸುದ್ದಿ ಹಾಗೆ ಹರಡಿತು. ಹೊಸ ವರ್ಷದ ಹೊತ್ತಿಗೆ ಕಿರುಬೆರಳಿನ ನೋವೆಂದು ದೂರಿದ್ದ ಉಳಿದ ನಲವತ್ತು ಜನರೂ ಇತ್ಯರ್ಥಕ್ಕೆ ಒಪ್ಪದೆ ಚೀಟಿ ಹಿಂದಕ್ಕೆ ಕಳಿಸತೊಡಗಿದ್ದರು. ಒಬ್ಬೊಬ್ಬರದು ಒಂದೊಂದು ಮಾತು, ಒಂದೊಂದು ಕೈಬರಹ.

ನಿಗಾ ಕೇಂದ್ರದ ವಾರ್ಷಿಕ ವರದಿ ಹೋದ ತಿಂಗಳು ಪ್ರಕಟವಾಯಿತು. ಬಣ್ಣದ ಚಿತ್ರಗಳಿರುವ, ನುಣುಪು ಕಾಗದದ ಪುಸ್ತಕ. ಅದರ ಕೊನೆಯ ಪುಟದಲ್ಲಿ, ಕಾನೂನಿಗಾಗಿ ಹಾಕಲೇಬೇಕಾದ ಒಂದು ಸಾಲು ಇದೆ. 'ಇತ್ಯರ್ಥವಾಗದ ದೂರುಗಳು: ನಲವತ್ತೊಂದು.'